ಹರಿವಾಣದಲ್ಲಿ ಹೋದ ಟವರಿನ ಕಾಗದ

ಇಷ್ಟಲಿಂಗಪೂಜೆ ಮುಗಿಯದೆ ತೊಟ್ಟು ನೀರನ್ನೂ ಮುಟ್ಟದ ನೇಮ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಲಾರದ ಕೈ. ಒಂದು ಮನೆಯಲ್ಲಿ ಕೇಳಿದ್ದನ್ನು ಮತ್ತೊಂದು ಮನೆಗೆ ಒಯ್ಯದ ನಾಲಗೆ. ಬಾಣಂತಿಗೆ ನೀರೆರೆಯುವುದಕ್ಕೂ ಲಿಂಗೈಕ್ಯರಾದವರಿಗೆ ಕಡೆಯ ಸ್ನಾನ ಮಾಡಿಸುವುದಕ್ಕೂ ಯಾರೂ ಕರೆಯುವ ಮೊದಲೇ ಸೆರಗು ಸಿಕ್ಕಿಸಿ ನಿಲ್ಲುವ ಮೈ. ಉಪ್ಪು ಹೆಚ್ಚಾದ ಸಾರನ್ನು ಉಂಡು, ಬಡಿಸಿದವಳ ಮುಖ ನೋಡಿ, ಇನ್ನೊಂದು ಸೌಟು ಹಾಕಿಸಿಕೊಳ್ಳುವ ದಾಕ್ಷಿಣ್ಯ. ಕೋಪ ಬಂದರೆ ಬೀಸುವ ಕಲ್ಲಿನ ಮುಂದೆ ಕುಳಿತು ಎರಡು ಸೇರು ಜೋಳ ಬೀಸಿ ಎದ್ದುಬಿಡುವ ಉಪಾಯ. ಕೊಟ್ಟ ಮಾತಿಗೆ ತಪ್ಪದಿರುವುದಲ್ಲದೆ, ಕೊಟ್ಟ ಮಾತು ತನ್ನದೆಂದು ನೆನಪಿಟ್ಟುಕೊಳ್ಳುವ ಪ್ರಾಮಾಣಿಕತೆ. ಇಷ್ಟೂ ಗುಣಗಳು ಒಂದೇ ಜೀವದಲ್ಲಿ ನೆರೆದದ್ದನ್ನು ಯಾರಾದರೂ ಕಾಣಬಯಸಿದ್ದರೆ ಅವರು ಕೊಟ್ಟೂರಿಗೆ ಬಂದು, ಗುಡಿಯ ಹಿಂದಣ ಜಂಗಮರ ಓಣಿಯನ್ನು ಹೊಕ್ಕು, ಎಡಗಡೆಯ ಮೂರನೆಯ ಮನೆಯ ಕಟ್ಟೆಯ ಮೇಲೆ ಕೂರಬೇಕಾಗಿತ್ತು. ಆ ಮನೆಯೊಡತಿಯ ಹೆಸರು ನೀಲಗಂಗಮ್ಮ.

ಗಂಡ ಗವಿಸಿದ್ದಯ್ಯ ಗುಡಿಯ ದಾರಿಯಲ್ಲಿ ವಿಭೂತಿಗಟ್ಟಿ, ಕರ್ಪೂರ, ಶಿವದಾರ, ಊದುಬತ್ತಿಗಳ ಪುಟ್ಟ ಅಂಗಡಿ ಇಟ್ಟಿದ್ದನು. ಒಬ್ಬನೇ ಮಗ ಅಪ್ಪನೊಡನೆ ಅಂಗಡಿಯಲ್ಲಿರುತ್ತಿದ್ದನು. ಸೊಸೆ ಮರುಳಸಿದ್ದಮ್ಮ ಕೋಗಳಿಯ ಹೆಣ್ಣು, ಪಿಯುಸಿ ಓದಿದವಳು, ಮಾತಿಗಿಂತ ಮೊದಲು ಕಣ್ಣನ್ನು ಉಪಯೋಗಿಸುವವಳು. ನೀಲಗಂಗಮ್ಮನೂ ಓದು ಬಾರದವಳಲ್ಲ. ಮಧ್ಯಾಹ್ನ ಉಂಡಾದ ಮೇಲೆ ದಪ್ಪ ಅಕ್ಷರದ ಪುರಾಣವೊಂದನ್ನು ತೊಡೆಯ ಮೇಲಿಟ್ಟುಕೊಂಡು ದಿನಕ್ಕೆ ಒಂದು ಪುಟ ಓದುವುದು ಆಕೆಯ ರೂಢಿಯಾಗಿತ್ತು.

ಓಣಿಗೆ ಆಕೆ ಸಲ್ಲಿಸುತ್ತಿದ್ದ ಸೇವೆ ಒಂದಿತ್ತು. ಅದಕ್ಕೆ ಸಂಬಳವಿರಲಿಲ್ಲ, ಪದವಿಯೂ ಇರಲಿಲ್ಲ. ಮದುವೆಯಿರಲಿ, ಬಸುರಿಗೆ ಉಡಿ ತುಂಬುವ ಕುಬಸವಿರಲಿ, ತೊಟ್ಟಿಲಿರಲಿ, ಗುರುಗಳ ಪಾದಪೂಜೆಯಿರಲಿ, ಮನೆಯವರು ಮೊದಲು ನೀಲಗಂಗಮ್ಮನ ಬಾಗಿಲಿಗೆ ಬಂದು ಹೇಳಬೇಕು. ಆಕೆ ಹಿತ್ತಾಳೆಯ ಹರಿವಾಣದಲ್ಲಿ ವಿಭೂತಿ, ಕುಂಕುಮ, ವೀಳ್ಯದೆಲೆ, ಅಕ್ಷತೆಗಳನ್ನಿಟ್ಟುಕೊಂಡು ಇಪ್ಪತ್ತಾರು ಮನೆಗಳನ್ನೂ ಸುತ್ತಿ ಕರೆದು ಬರಬೇಕು. ಈ ಕರೆಗೆ ಒಂದು ಕಟ್ಟಳೆಯಿತ್ತು. ಮನೆಯವರು ಮೊದಲು ಅಕ್ಷತೆಯ ಕಾಳನ್ನು ತಲೆಗೇರಿಸಿಕೊಳ್ಳಬೇಕು. ಯಾರ ಮನೆಯದು, ಯಾವ ದಿನ, ಏನು ಕಾರ್ಯ ಎಂದು ಕೇಳುವುದು ಆಮೇಲೆ. ಮೊದಲು ಕೇಳಿ ಆಮೇಲೆ ಕೈಯೊಡ್ಡಿದರೆ ಕರೆ ತಂದವಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ. ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಈಕೆ ಕರೆದಳೆಂಬ ಒಂದೇ ಕಾರಣಕ್ಕೆ ಒಂದೇ ಪಂಕ್ತಿಯಲ್ಲಿ ಉಂಡು ಎದ್ದುಹೋದದ್ದನ್ನು ಓಣಿ ಕಂಡಿತ್ತು. ನೀಲಗಂಗಮ್ಮನ ಅತ್ತೆ ಈ ಕೆಲಸವನ್ನು ಬದುಕಿರುವವರೆಗೆ ಮಾಡಿದಳು. ಆಕೆಯ ತರುವಾಯ ಸೊಸೆಗೆ ಬಂದದ್ದು ಮೂರು ಎಳೆ ಬಂಗಾರ, ಒಂದು ಎಮ್ಮೆ ಮತ್ತು ಈ ಹರಿವಾಣ.

ಆಕೆಯ ಮನೆಗೆ ಹೊಂದಿಕೊಂಡ ಬಲಗಡೆಯ ಮನೆ ವೀರಭದ್ರಯ್ಯನದು. ಓಣಿಯ ಮಿಕ್ಕ ಮನೆಗಳೆಲ್ಲ ಮಣ್ಣಿನ ಮಾಳಿಗೆಯವಾದರೆ, ಆತನದೊಂದೇ ಸಿಮೆಂಟಿನ ಎರಡಂತಸ್ತು. ಬಜಾರದಲ್ಲಿ ಜವಳಿ ಅಂಗಡಿ. ಹರಪನಹಳ್ಳಿಯಲ್ಲಿ ಇನ್ನೊಂದು ಅಂಗಡಿ, ಅದರ ಮೇಲೊಂದು ಮನೆ. ನೀಲಗಂಗಮ್ಮ ಈ ಓಣಿಯಲ್ಲೇ ಹುಟ್ಟಿ ಈ ಓಣಿಗೇ ಸೊಸೆಯಾದವಳು. ಆಕೆ ಒಂಬತ್ತರ ಹುಡುಗಿ, ಆತ ಹನ್ನೊಂದರ ಹುಡುಗನಾಗಿದ್ದಾಗ ಒಂದೇ ದಿನ, ಒಬ್ಬನೇ ಗುರುವಿನ ಕೈಯಿಂದ ಲಿಂಗದೀಕ್ಷೆ ಪಡೆದಿದ್ದರು. ಆಕೆಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ದೀಕ್ಷೆಯಿಂದಾದ ಈ ಅಣ್ಣನೇ ವರ್ಷ ವರ್ಷವೂ ಪಂಚಮಿಗೆ ಸೀರೆ ತಂದು ಕೊಡುತ್ತಿದ್ದನು. ಆಕೆ ಆತನಿಗೆ ಎಳ್ಳುಂಡಿ, ಶೇಂಗಾದುಂಡಿ ಕಟ್ಟಿ ಕೊಡುತ್ತಿದ್ದಳು. ನಲವತ್ತು ವರ್ಷಗಳಲ್ಲಿ ಆ ಸೀರೆ ಒಮ್ಮೆಯೂ ತಪ್ಪಿರಲಿಲ್ಲ.

ಎರಡು ಸಾವಿರದ ನಾಲ್ಕನೆಯ ಇಸವಿ, ಯುಗಾದಿ ಕಳೆದ ಮೇಲಿನ ಒಂದು ಬೆಳಗು. ವೀರಭದ್ರಯ್ಯ ಕೈಯಲ್ಲೊಂದು ಉದ್ದನೆಯ ಕಾಗದ ಹಿಡಿದು ಬಂದನು. ಮರುಳಸಿದ್ದಮ್ಮ ಆಗ ಚೊಚ್ಚಲ ಬಾಣಂತನಕ್ಕೆಂದು ಕೋಗಳಿಯಲ್ಲಿದ್ದಳು.

"ತಂಗಿ, ನಮ್ಮ ಓಣಿಗೆ ಮೊಬೈಲ್ ಫೋನಿನ ಕಂಬ ಬರತೈತಿ. ಓಣಿಯವರು ಬೇಕು ಅಂತ ರುಜು ಹಾಕಿ ಕೊಡಬೇಕಂತ."

"ಕಂಬ ಅಂದ್ರ ಎಷ್ಟುದ್ದ ಐತಣ್ಣ?"

"ಕರೆಂಟಿನ ಕಂಬ ನೋಡೀಯಲ್ಲ, ಅದರಂಗ. ತುಸು ಎತ್ತರ ಇದ್ದೀತು."

"ಮತ್ತ ನೀನ ಹೋಗಿ ಹಾಕಿಸಿಕೊಂಡು ಬಾ. ನಿನ್ನ ಮಾತು ತೆಗೆಯೋರು ಯಾರದಾರ ಇಲ್ಲಿ?"

"ನಾ ಹೋದ್ರ ಹತ್ತು ಪ್ರಶ್ನಿ ಕೇಳ್ತಾರ. ನೀ ಹೋದ್ರ ಕೇಳಂಗಿಲ್ಲ" ಎಂದು ಆತ ನಕ್ಕನು. ಆಕೆಯೂ ನಕ್ಕಳು. ಅದು ಹೊಗಳಿಕೆಯೆಂದು ಆಕೆಗೆ ತೋರಿತ್ತು.

ಗವಿಸಿದ್ದಯ್ಯ ಅಂಗಡಿಗೆ ಹೊರಡುವ ಮುಂಚೆ ಹೆಂಡತಿಯ ಕೈಯಲ್ಲಿದ್ದ ಕಾಗದವನ್ನು ನೋಡಿದನು. "ಏನದು?"

"ಅಣ್ಣ ಕೊಟ್ಟಾನ. ಫೋನಿಂದಂತ."

"ಓದಿದೇನು?"

"ಪಂಚಮಿ ಸೀರಿ ಕೊಟ್ಟಾಗ ಅದರ ನೂಲು ಎಣಿಸೀನೇನು ನಾನು? ಕೊಟ್ಟವನು ನನ್ನ ಅಣ್ಣ ಅದಾನ. ಓದಾಕ ಕುಂತ್ರ ಅವನ ಮೈಮ್ಯಾಲೆ ಅನುಮಾನದ ಕಣ್ಣು ಇಟ್ಟಂಗ ಆಗಂಗಿಲ್ಲೇನ್ರಿ?"

ಗವಿಸಿದ್ದಯ್ಯ ಹೆಚ್ಚು ಮಾತಿನವನಲ್ಲ. ಚಪ್ಪಲಿ ಮೆಟ್ಟಿ ಹೊರಟನು.

ಕಾಗದವನ್ನು ಬರಿಗೈಯಲ್ಲಿ ಹಿಡಿದು ಮನೆಮನೆಗೆ ಹೋಗುವುದು ಆಕೆಗೆ ಒಗ್ಗಲಿಲ್ಲ. ಶುಭಕ್ಕಾಗಲಿ ಊರಿನ ಒಳಿತಿಗಾಗಲಿ ಹೋಗುವಾಗ ಹರಿವಾಣವಿಲ್ಲದೆ ಹೋದವಳಲ್ಲ ಆಕೆ. ಆದುದರಿಂದ ಕುಂಕುಮ, ವಿಭೂತಿ, ಅಕ್ಷತೆಗಳನ್ನು ಎಂದಿನಂತೆ ಇಟ್ಟು, ವೀಳ್ಯದೆಲೆಯ ಕೆಳಗೆ ಆ ಕಾಗದವನ್ನು ಮಡಿಸಿಟ್ಟು, ಪಕ್ಕದಲ್ಲಿ ವೀರಭದ್ರಯ್ಯ ಕೊಟ್ಟಿದ್ದ ಇಂಕಿನ ಪ್ಯಾಡನ್ನೂ ಇರಿಸಿಕೊಂಡು ಹೊರಟಳು. ಲೋಕದಲ್ಲಿ ಮೋಸಹೋದವರು ಬಹಳ ಮಂದಿ. ಆದರೆ ಮೋಸದ ಕಾಗದಕ್ಕೆ ದೇವರ ಅಕ್ಷತೆಯನ್ನು ತಾವೇ ಇಟ್ಟು, ಕಟ್ಟಳೆಯ ಕವಚ ತೊಡಿಸಿ ಹೊತ್ತವರು ವಿರಳ. ಆಕೆ ತಿಳಿಯದೆ ಮಾಡಿದ್ದು ಅದನ್ನೇ.

ಎದುರು ಮನೆಯ ಬಸಲಿಂಗಮ್ಮ ಅಕ್ಷತೆಯನ್ನು ತಲೆಗೆ ಹಾಕಿಕೊಂಡ ಮೇಲೆ ಕೇಳಿದಳು: "ಯಾರ ಮನಿ ಮದಿವಿ ಬೇ?"

"ಮದಿವಿ ಅಲ್ಲಬೇ, ಫೋನು. ಇಲ್ಲಿ ಹೆಬ್ಬೆಟ್ಟು ಒತ್ತು."

"ಫೋನಿಗೂ ಅಕ್ಷತಿ ಹಾಕತಾರೇನು? ಮುಂದ ಬಸ್ಸಿಗೂ ತೊಟ್ಟಿಲ ಹಾಕೀ ನೀನು."

"ಹಾಕಿದ್ರ ಹೋಳಿಗಿ ತಿನ್ನಾಕ ಮೊದಲ ಬರಾಕಿ ನೀನ. ಒತ್ತು ಒತ್ತು."

ಬಸಲಿಂಗಮ್ಮ ನಗುತ್ತ ಹೆಬ್ಬೆಟ್ಟೊತ್ತಿ, ಮಸಿಯನ್ನು ಬಾಗಿಲ ಚೌಕಟ್ಟಿಗೆ ಒರೆಸಿದಳು. ಅವಳ ಸೊಸೆ ಗುರುಬಸಮ್ಮ, ಆ ವರ್ಷವೇ ಉಚ್ಚಂಗಿದುರ್ಗದಿಂದ ಬಂದ ಮದುವಣಗಿತ್ತಿ, ಅತ್ತೆಯ ಹೆಬ್ಬೆಟ್ಟಿನ ಕೆಳಗೆ ದುಂಡಗೆ ತನ್ನ ಹೆಸರು ಬರೆದಳು. ಮಧ್ಯಾಹ್ನದೊಳಗೆ ಇಪ್ಪತ್ತಾರು ಮನೆಗಳೂ ಮುಗಿದವು. ಒಬ್ಬರಾದರೂ ಕಾಗದವನ್ನು ಬಿಡಿಸಿ ಓದಲಿಲ್ಲ.

ಆಷಾಢದಲ್ಲಿ ಕಬ್ಬಿಣ ಬಂದಿತು. ಅದನ್ನು ವೀರಭದ್ರಯ್ಯನ ಮಾಳಿಗೆಯ ಮೇಲೆ ಏರಿಸಿದಾಗಲೇ ಕಂಬವೆಂದರೆ ಟವರೆಂದು ಓಣಿಗೆ ಅರ್ಥವಾದದ್ದು. ತೆಂಗಿನ ಮರಕ್ಕಿಂತ ಎತ್ತರ. ನೆತ್ತಿಯ ಸುತ್ತ ಬಿಳಿಯ ಉದ್ದುದ್ದ ಪೆಟ್ಟಿಗೆಗಳು. ಕೆಳಗೆ ಹಿತ್ತಲ ಸಂದಿಯಲ್ಲಿ, ಬಸಲಿಂಗಮ್ಮನ ಮಗ ಹೊಸದಾಗಿ ಬೇರೆ ಮಾಡಿಕೊಂಡ ಮನೆಯ ಗೋಡೆಗೆ ಒತ್ತಿಕೊಂಡು ಒಂದು ಜನರೇಟರ್. ಕರೆಂಟ್ ಹೋದಾಗಲೆಲ್ಲ ಅದು ಗುಡುಗುಟ್ಟುತ್ತಿತ್ತು, ಗುರುಬಸಮ್ಮನ ಅಡುಗೆಮನೆಯ ಪಾತ್ರೆಗಳು ಅದರೊಡನೆ ನಡುಗುತ್ತಿದ್ದವು. ಮೊದಮೊದಲು ಯಾರಿಗೂ ಬೇಸರವಾಗಲಿಲ್ಲ. ಒಂದೆರಡು ಮನೆಗಳಿಗೆ ಮೊಬೈಲ್ ಬಂದಿತು. ಕೂಡ್ಲಿಗಿಗೆ, ಹಡಗಲಿಗೆ ಕೊಟ್ಟ ಹೆಣ್ಣುಮಕ್ಕಳ ದನಿ ಕಟ್ಟೆಯ ಮೇಲೆ ಕೇಳಿಸಿತು. ನೀಲಗಂಗಮ್ಮನೂ ಹಂಪಸಾಗರಕ್ಕೆ ಮದುವೆ ಮಾಡಿಕೊಟ್ಟಿದ್ದ ತನ್ನ ಮಗಳೊಡನೆ ಮಾತನಾಡಿ ಕಣ್ಣೊರೆಸಿಕೊಂಡಳು. ತಾನು ಒಯ್ದ ಕರೆ ಒಳ್ಳೆಯದಕ್ಕೇ ಆಯಿತೆಂದು ಆಕೆಯ ಮನಸ್ಸು ತುಂಬಿತ್ತು.

ಮರುವರ್ಷ ಗುರುಬಸಮ್ಮ ಬಸುರಾದಳು. ಆಕೆಗೆ ತಲೆನೋವು, ನಿದ್ದೆಯಿಲ್ಲ. ಜನರೇಟರಿನ ಸದ್ದಿಗೆಂದು ಕೆಲವರು, ಹೊಗೆಗೆಂದು ಕೆಲವರು. ಅಷ್ಟರಲ್ಲಿ ಪೇಪರಿನಲ್ಲಿ ಟವರುಗಳಿಂದ ಹೊರಡುವ ವಿಕಿರಣದ ಮಾತು ಬರತೊಡಗಿತ್ತು. ಮೆದುಳಿಗೆ ತೊಂದರೆಯೆಂದು ಒಬ್ಬರು ಬರೆದರೆ, ಅಂಥದ್ದೇನೂ ಸಿದ್ಧವಾಗಿಲ್ಲವೆಂದು ಇನ್ನೊಬ್ಬರು ಬರೆಯುತ್ತಿದ್ದರು. ಐದನೆಯ ತಿಂಗಳಲ್ಲಿ ಗುರುಬಸಮ್ಮನಿಗೆ ಬಸುರು ನಿಲ್ಲಲಿಲ್ಲ. ಹರಪನಹಳ್ಳಿಯ ವೈದ್ಯೆಯೊಬ್ಬಳು, "ಟವರ್ ಇಲ್ಲದ ಊರಾಗೂ ಹಿಂಗ ಆಗತೈತಮ್ಮ. ಇದರಿಂದ ಆತು ಅನ್ನಾಕ ನನ್ನ ಹತ್ರ ಪುರಾವೆ ಇಲ್ಲ" ಎಂದು ನೇರವಾಗಿ ಹೇಳಿ ಕಳುಹಿಸಿದಳು. ಆ ಮಾತಿನಿಂದ ಯಾರಿಗೂ ಸಮಾಧಾನವಾಗಲಿಲ್ಲ. ಹೊತ್ತ ಕರುಳಿಗೆ ಕಾರಣ ಬೇಕು. ಕಣ್ಣೆತ್ತಿದರೆ ಕಾಣುವ ಕಾರಣವೊಂದು ಗೋಡೆಯಾಚೆಗೇ ನಿಂತಿತ್ತು.

ಬಸಲಿಂಗಮ್ಮ ಬೀದಿಯಲ್ಲಿ ನಿಂತು, ಯಾರಿಗೂ ಅಲ್ಲ ಎಲ್ಲರಿಗೂ ಎಂಬಂತೆ ಅಂದಳು: "ಅಕ್ಷತಿ ಹಾಕಿ ಒಳಗ ಕರಕೊಂಡು ಬಂದ್ವಿ. ಈಗ ಯಾರನ್ನ ಬೈಯೋದು?"

ನೀಲಗಂಗಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕೈ ಅಲ್ಲೇ ನಿಂತಿತು.

ಆ ವಾರ ಮರುಳಸಿದ್ದಮ್ಮ ಮಾವನನ್ನು ಕರೆದುಕೊಂಡು ಪಂಚಾಯಿತಿ ಕಚೇರಿಗೆ ಹೋಗಿ, ಕಡತದಲ್ಲಿದ್ದ ಆ ಕಾಗದವನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿಕೊಂಡು ಬಂದಳು. ನಡುಮನೆಯಲ್ಲಿ ಕುಳಿತು ಓದಿದಳು. ಸದರಿ ಓಣಿಯ ನಿವಾಸಿಗಳಾದ ನಾವು, ವೀರಭದ್ರಯ್ಯನವರ ಮಾಳಿಗೆಯ ಮೇಲೆ ಗೋಪುರ ಸ್ಥಾಪಿಸಲು ಒಪ್ಪಿರುತ್ತೇವೆ. ಸದರಿ ಗೋಪುರದಿಂದ ಹೊರಸೂಸುವ ತರಂಗಗಳ ವಿಚಾರವನ್ನು ನಮಗೆ ವಿವರವಾಗಿ ತಿಳಿಸಲಾಗಿದ್ದು, ಮುಂದೆ ಆರೋಗ್ಯದ ಬಗ್ಗೆ ಯಾವ ತಕರಾರನ್ನೂ ಎತ್ತುವುದಿಲ್ಲ.

"ಇನ್ನೊಮ್ಮೆ ಓದು" ಎಂದಳು ಅತ್ತೆ.

ಸೊಸೆ ಇನ್ನೊಮ್ಮೆ ಓದಿದಳು.

"ವಿವರವಾಗಿ ಅಂತ ಬರದಾರೇನು?"

"ಹೂಂ ಅತ್ತಿ. ವಿವರವಾಗಿ ತಿಳಿಸಲಾಗಿದ್ದು."

"ನನಗ ಯಾರೂ ಏನೂ ತಿಳಿಸಿಲ್ಲ. ನಾನೂ ಯಾರಿಗೂ ತಿಳಿಸಿಲ್ಲ." ಮತ್ತೆ ತಾನೇ ಮುಂದುವರಿಸಿದಳು: "ಅಣ್ಣಗೂ ಗೊತ್ತಿರಲಿಕ್ಕಿಲ್ಲ ಬಿಡು. ಕಂಪನಿಯವರು ಬರದು ಕೊಟ್ಟಾರ, ಅವನು ತಂದಾನ. ಅದರ ಕೆಳಗ ಅವನೂ ಅಲ್ಲೇನು ಮಲಗತಾನ?"

ಮರುಳಸಿದ್ದಮ್ಮ ನಕಲನ್ನು ಮಡಿಸಿ ಎತ್ತಿಟ್ಟಳು. ಗವಿಸಿದ್ದಯ್ಯ ಕನ್ನಡಕ ಒರೆಸಿಕೊಂಡನು. ಅಣ್ಣನೂ ಅದರ ಕೆಳಗೆ ಮಲಗುತ್ತಾನೆಂಬ ಆ ಒಂದು ಮಾತನ್ನು ಹಿಡಿದುಕೊಂಡು ನೀಲಗಂಗಮ್ಮ ಮತ್ತೆ ಎರಡು ತಿಂಗಳು ಓಣಿಯ ಚುಚ್ಚುಮಾತುಗಳನ್ನು ತಾಳಿದಳು. ಯಾರಾದರೂ ವೀರಭದ್ರಯ್ಯನನ್ನು ಆಡಿಕೊಂಡರೆ, "ಅವನಿಗೂ ಆಗೋದ ನಮಗೂ ಆಗತೈತಿ" ಎಂದು ಆತನ ಪರ ನಿಂತಳು.

ಆತನ ಮಗಳು ಶಾಂಭವಿಯನ್ನು ಕೂಡ್ಲಿಗಿಗೆ ಕೊಟ್ಟಿತ್ತು. ಆಕೆಗೆ ಏಳು ತಿಂಗಳೆಂದು ಸುದ್ದಿ ಬಂದಿತು. ಕುಬಸದ ಕರೆಗೆ ಅಣ್ಣ ಇಂದು ಬರುವನು, ನಾಳೆ ಬರುವನು ಎಂದು ನೀಲಗಂಗಮ್ಮ ಹರಿವಾಣವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಇಟ್ಟಳು. ಆತ ಬರಲಿಲ್ಲ. ಮಗಳು ಹರಪನಹಳ್ಳಿಯ ಮನೆಯಲ್ಲಿದ್ದಾಳೆ, ತಾಯಿಯೂ ಅಲ್ಲಿಗೇ ಹೋಗಿದ್ದಾಳೆ ಎಂದು ಅಂಗಡಿಯ ಆಳಿನಿಂದ ತಿಳಿಯಿತು. ಇರಲಿ, ಮಗು ಮಗುವೇ ಎಂದುಕೊಂಡು ಆಕೆ ಸಜ್ಜೆರೊಟ್ಟಿ, ಶೇಂಗಾಹೋಳಿಗೆ, ಮೊಸರನ್ನ, ಮಾವಿನ ಉಪ್ಪಿನಕಾಯಿಗಳ ಬುತ್ತಿ ಕಟ್ಟಿ, ಹಸಿರು ಖಣ ತೆಗೆದುಕೊಂಡು ಬೆಳಗಿನ ಬಸ್ಸು ಹತ್ತಿದಳು.

ಶಾಂಭವಿ ಆಕೆಯನ್ನು ಕಂಡು ಓಡಿಬಂದು ಕಾಲುಮುಟ್ಟಿದಳು. ತಾಯಿ ಸಂತೆಗೆ ಹೋಗಿದ್ದಳು. ನೀಲಗಂಗಮ್ಮ ಬುತ್ತಿ ಬಿಚ್ಚಿ ತಾನೇ ತುತ್ತು ಮಾಡಿ ಉಣಿಸತೊಡಗಿದಳು.

"ತವರಿಗೆ ಹಡಿಯಾಕ ಬರೋದು ಬಿಟ್ಟು ಇಲ್ಲ್ಯಾಕ ಕುಂತೀ ಕೂಸ? ನಿಮ್ಮ ಮನಿ ಮೆಟ್ಟಲ ಸವದಾವೇನು?"

"ಅಪ್ಪಾಜಿನ ಬ್ಯಾಡ ಅಂದ್ರು ಅತ್ತಿ. ಹಡದು ಕೂಸಿಗೆ ವರ್ಷ ತುಂಬೋತನ ಕೊಟ್ಟೂರ ಮನ್ಯಾಗ ಕಾಲಿಡಬ್ಯಾಡ ಅಂದಾರ. ಟವರ್ ಐತೆಲ್ಲ."

ತುತ್ತು ಹಿಡಿದ ಕೈ ಅರ್ಧ ದಾರಿಯಲ್ಲಿತ್ತು. ಆಕೆ ಅದನ್ನು ಹುಡುಗಿಯ ಬಾಯಿಗೆ ತಲುಪಿಸಿ, ನಿಧಾನವಾಗಿ ಕೇಳಿದಳು: "ಹಂಗಂತ ಅವರಿಗೆ ಯಾರು ಹೇಳಿದ್ರು?"

"ಕಂಪನಿಯವರು ಮೊದಲ ತಂದ ಕಾಗದದಾಗ ಅದೇನೋ ಆರೋಗ್ಯದ ಮಾತಿತ್ತಂತ. ಓದಿದಾಗಿಂದ ಅವರಿಗೆ ಒಂಥರಾ ಹೆದರಿಕಿ. ತಾವೂ ಈಗ ವಾರದಾಗ ನಾಕು ದಿನ ಇಲ್ಲೇ ಮಲಗತಾರ."

"ಟವರ್ ಎದ್ದ ಮ್ಯಾಲೆ ಓದಿದ್ರೇನು?"

"ಇಲ್ಲತ್ತಿ, ಮೊದಲ. ಓದದ ಕಾಗದಕ್ಕ ಅಪ್ಪಾಜಿ ರುಜು ಹಾಕಾಂಗಿಲ್ಲ. ನಿಮಗ ಗೊತ್ತಿಲ್ಲೇನು?"

ನೀಲಗಂಗಮ್ಮ ಬುತ್ತಿ ಖಾಲಿಯಾಗುವವರೆಗೆ ಉಣಿಸಿದಳು. ಖಣ ಕೊಟ್ಟು ಉಡಿ ತುಂಬಿದಳು. ಹೊಟ್ಟೆಯ ಮೇಲೆ ಕೈಯಿಟ್ಟು, "ಶಿವ ನಿನ್ನ ಸುಖವಾಗಿ ಇಡ್ಲಿ" ಎಂದಳು. ಆ ಮಾತಿನಲ್ಲಿ ಒಂದು ಎಳೆಯಷ್ಟೂ ಕೊಂಕಿರಲಿಲ್ಲ. ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನವರೆಗೆ ನಡೆದು ಕಲ್ಲಿನ ಮೇಲೆ ಕುಳಿತಳು. ಎರಡು ಬಸ್ಸುಗಳು ಬಂದು ಹೋದವು. ಮೂರನೆಯದನ್ನು ಹತ್ತಿದಳು. ಕೊಟ್ಟೂರಿನ ಕೆರೆಯ ತಿರುವಿನಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಗುಡಿಯ ಶಿಖರ. ಆ ಮಧ್ಯಾಹ್ನ ಅದಕ್ಕಿಂತ ಮೊದಲು ಕಂಡದ್ದು ತಾನು ಅಕ್ಷತೆ ಹಾಕಿ ಕರೆತಂದದ್ದು.

ಮರುದಿನ ಪೂಜೆ ಮುಗಿಸಿ ನೇರವಾಗಿ ಜವಳಿ ಅಂಗಡಿಗೆ ಹೋದಳು. ವೀರಭದ್ರಯ್ಯ ಗಾದಿಯ ಮೇಲೆ ಕುಳಿತು ಧೋತರದ ಗಂಟನ್ನು ಬಿಚ್ಚಿಸುತ್ತಿದ್ದನು. "ಬಾ ತಂಗಿ, ಬಾ. ಹರಪನಹಳ್ಳಿಗೆ ಹೋಗಿದ್ದೆಂತ. ಶಾಂಭವಿ ಫೋನ್ ಮಾಡಿದ್ಲು. ಹೋಳಿಗಿ ಭಾಳ ಚಲೋ ಇದ್ದುವಂತ."

"ಆ ಕಾಗದ ನೀ ಓದಿದ್ದೇನಣ್ಣ?"

ಆತ ಆಳನ್ನು ಒಳಗೆ ಕಳುಹಿಸಿದನು. ಮುಖ ಕೆಳಗೆ ಮಾಡಿ ಬಟ್ಟೆಯ ಅಂಚನ್ನು ಸರಿಪಡಿಸುತ್ತ ಹೇಳಿದನು: "ಅದರಿಂದ ಏನರ ಆಗತೈತಿ ಅಂತ ಯಾರಿಗೂ ಗೊತ್ತಿಲ್ಲ ತಂಗಿ. ದೊಡ್ಡ ದೊಡ್ಡ ಓದಿದವರಿಗೂ ಗೊತ್ತಿಲ್ಲ. ಆಗತೈತಿ ಅಂತ ನಾನೂ ಹೇಳಂಗಿಲ್ಲ."

"ಮತ್ತ ಮಗಳನ್ನ ಯಾಕ ಅಲ್ಲಿಟ್ಟಿ?"

"ಗೊತ್ತಿಲ್ಲಲ್ಲ, ಅದಕ್ಕ. ಹೆಣ್ಣುಮಗಳು, ಚೊಚ್ಚಲ ಬಸುರಿ. ಸುಮ್ಮನ ಯಾಕ ಅಂತ."

"ಗುರುಬಸವ್ವಂದು ಚೊಚ್ಚಲ ಅಲ್ಲೇನು?"

ಆತ ಬಿಚ್ಚಿದ ಧೋತರವನ್ನು ಮತ್ತೆ ಮಡಿಸತೊಡಗಿದನು.

"ಗೊತ್ತಿಲ್ಲ ಅನ್ನೋದನ್ನ ನಿನ್ನ ಮಗಳಿಗೆ ಹೇಳಿದಿ. ಅದನ್ನ ನನಗೂ ಹೇಳಬಹುದಿತ್ತಲ್ಲಣ್ಣ. ನಾನು ಆ ಗೊತ್ತಿಲ್ಲನ್ನ ಹರಿವಾಣದಾಗ ಇಟಗೊಂಡು ಇಪ್ಪತ್ತಾರು ಮನಿಗೂ ಹೋಗ್ತಿದ್ದೆ. ಬೇಕಾದವರು ಒತ್ತತಿದ್ರು, ಬ್ಯಾಡಾದವರು ಬಿಡತಿದ್ರು."

"ಹಂಗ ಹೇಳಿದ್ರ ಯಾರು ಒತ್ತತಿದ್ರು ತಂಗಿ" ಎಂದನು ವೀರಭದ್ರಯ್ಯ. ಅದು ಆತನ ಬಾಯಿಂದ ಜಾರಿದ ಮಾತು. ಜಾರಿದ ಮೇಲೆ ಅದನ್ನು ಎತ್ತಿಕೊಳ್ಳಲು ಆತನಿಂದಾಗಲಿಲ್ಲ, ಕೇಳಿಸಲಿಲ್ಲವೆಂದು ನಟಿಸಲು ಆಕೆಯಿಂದಲೂ ಆಗಲಿಲ್ಲ.

ಕಂಪನಿ ಟವರಿಗೆಂದು ಕೊಡುವ ಮಾಳಿಗೆಯ ಬಾಡಿಗೆ ಆತನಿಗೆ ಸೇರಿದ್ದನ್ನು ಆಕೆ ಕ್ಷಮಿಸಬಲ್ಲವಳಾಗಿದ್ದಳು. ವ್ಯಾಪಾರಸ್ಥನು ವ್ಯಾಪಾರ ಮಾಡುವುದು ಸಹಜ. ಕಂಬವೆಂದು ಹೇಳಿ ಟವರು ತಂದದ್ದನ್ನೂ ಕ್ಷಮಿಸಬಲ್ಲವಳಾಗಿದ್ದಳು. ಆದರೆ ತನ್ನ ಮಗಳಿಗೊಂದು ಎಚ್ಚರವನ್ನೂ ತಂಗಿಗೊಂದು ನಗುವನ್ನೂ ಆತ ಬೇರೆಬೇರೆಯಾಗಿ ಅಳೆದು ಕೊಟ್ಟನಲ್ಲ, ಅದಕ್ಕೆ ಆಕೆಯ ಮನಸ್ಸಿನಲ್ಲಿ ಎಡೆಯಿರಲಿಲ್ಲ. ಒಬ್ಬನೇ ಗುರು ಒಂದೇ ಬೆಳಗಿನಲ್ಲಿ ಇಬ್ಬರ ಕಿವಿಯಲ್ಲೂ ಉಸುರಿದ ಮಂತ್ರ ಒಬ್ಬರಲ್ಲಿ ಮಾತ್ರ ಉಳಿಯಿತೇ ಎಂದು ಆಕೆ ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ಮನೆಗೆ ಬಂದು ಬೀಸುವ ಕಲ್ಲಿನ ಮುಂದೆ ಕುಳಿತಳು. ಎರಡು ಸೇರು ಮುಗಿಯಿತು, ನಾಲ್ಕು ಸೇರು ಮುಗಿಯಿತು. ಮರುಳಸಿದ್ದಮ್ಮ ಬಂದು ಕೈ ಹಿಡಿದು ಎಬ್ಬಿಸಿದಳು.

ಆ ಸಂಜೆಯೇ ಆಕೆ ಓಣಿಗೆ ಹೊರಟಳು; ಕೈಯಲ್ಲಿ ಏನೂ ಇರಲಿಲ್ಲ.

"ಬ್ಯಾಡಲೇ," ಎಂದನು ಗವಿಸಿದ್ದಯ್ಯ. "ಈಗ ಹೋಗಿ ಹೇಳಿದ್ರ ನಿನಗ ಬಾಯಿಗೆ ಬಂದಂಗ ಅಂತಾರ. ಮುಂದ ಯಾರೂ ನಿನ್ನ ಕಡಿಂದ ಕರಿ ಕಳಿಸಂಗಿಲ್ಲ."

"ಅನ್ನಲಿ ಬಿಡ್ರಿ. ಓದಲಾರದ ಒಯ್ದಾಕಿ ನಾನು. ಅದನ್ನರ ನನ್ನ ಬಾಯಿಂದ ಕೇಳಲಿ."

ಒಂದೊಂದು ಬಾಗಿಲಲ್ಲೂ ನಿಂತು ಅದನ್ನೇ ಹೇಳಿದಳು. ಕಾಗದದಲ್ಲಿ ಹೀಗೆ ಬರೆದಿತ್ತು. ನನಗೆ ಓದಲು ಬರುತ್ತಿತ್ತು, ಆದರೂ ಓದಲಿಲ್ಲ. ಅದರಿಂದ ಕೆಡುಕಾಗುತ್ತದೆಯೋ ಇಲ್ಲವೋ ವೈದ್ಯರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲವೆಂಬುದನ್ನು ನಿಮಗೆ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ನನ್ನ ತಪ್ಪು. ಶಾಂಭವಿಯ ಹೆಸರನ್ನು ಆಕೆ ಎತ್ತಲಿಲ್ಲ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯುವುದು ಆ ದಿನವೂ ಆಕೆಯಿಂದಾಗಲಿಲ್ಲ. ಆ ಒಂದು ಮಾತನ್ನು ಹೇಳಿಬಿಟ್ಟಿದ್ದರೆ ಓಣಿಯ ಸಿಟ್ಟೆಲ್ಲ ಪಕ್ಕದ ಮನೆಗೆ ಹರಿದು, ಆಕೆಯ ಭಾರ ಅರ್ಧ ಇಳಿಯುತ್ತಿತ್ತು.

ಕೆಲವರು ಕೇಳಿ ಬಾಗಿಲು ಹಾಕಿಕೊಂಡರು. ಒಬ್ಬ ಮುದುಕನು, "ನಿಮ್ಮತ್ತಿ ಇದ್ದಿದ್ರ ಹಿಂಗ ಆಗತಿದ್ದಿಲ್ಲ" ಎಂದನು. ಬಸಲಿಂಗಮ್ಮ ಮುಖಕ್ಕೆ ಮುಖ ಕೊಟ್ಟು, "ಫೋನಿಗೆ ಬಂತಾ ನಿನ್ನ ಅಕ್ಷತಿ? ನಾವು ಕಾಗದಕ್ಕ ಒತ್ತಿಲ್ಲಬೇ, ನಿನಗ ಒತ್ತೀವಿ. ಎಷ್ಟು ಸಿಕ್ತು ನಿಮ್ಮಣ್ಣನ ಕಡಿಂದ?" ಎಂದಳು. ಈ ಕಡೆಯ ಪ್ರಶ್ನೆಯನ್ನು ಯಾರಾದರೂ ತನ್ನನ್ನು ಕೇಳಬಹುದೆಂದು ನೀಲಗಂಗಮ್ಮನಿಗೆ ಬದುಕಿನಲ್ಲಿ ಹೊಳೆದಿರಲಿಲ್ಲ. ಆಗ ಅಲ್ಲೇ ಇದ್ದ ಗುರುಬಸಮ್ಮ ಅತ್ತೆಯ ಅಡುಗೆಮನೆಯ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿದಳು.

ಓಣಿಯವರು ಕೂಡಿ ಕಂಪನಿಗೊಂದು ಅರ್ಜಿ ಬರೆದರು, ಬರೆದುಕೊಟ್ಟವಳು ಮರುಳಸಿದ್ದಮ್ಮ. ಮೂರು ತಿಂಗಳ ಮೇಲೆ ಒಬ್ಬ ಎಂಜಿನಿಯರ್ ಕೈಯಲ್ಲಿ ಸಣ್ಣದೊಂದು ಯಂತ್ರ ಹಿಡಿದು ಬಂದನು. ಬಾಗಿಲು ಬಾಗಿಲಿಗೆ ಹಿಡಿದು ನೋಡಿ, "ಎಲ್ಲಾ ನಿಯಮದ ಒಳಗೇ ಐತ್ರಿ, ಹೆದರಬ್ಯಾಡ್ರಿ" ಎಂದನು. ಆತ ಸುಳ್ಳುಗಾರನಂತೆ ಕಾಣಲಿಲ್ಲ. ನೀಲಗಂಗಮ್ಮ ಆತನಿಗೆ ಮಜ್ಜಿಗೆ ಕೊಟ್ಟು ಕೇಳಿದಳು: "ಹಿಂಗ ಮೊದಲ ಬಂದು, ಯಂತ್ರ ತೋರಿಸಿ, ಹಿಂಗಿಂಗ ಐತಿ ಅಂತ ಹೇಳಿ ಆಮ್ಯಾಲೆ ಕಾಗದ ಕೊಟ್ಟಿದ್ರ ನಿಮ್ಮ ಟವರ್ ಸಣ್ಣದಾಗತಿತ್ತೇನಪ್ಪ?" ಆತ ಮಜ್ಜಿಗೆ ಕುಡಿದು, ಅದು ತನ್ನ ವಿಭಾಗವಲ್ಲವೆಂದು ಮೆಲ್ಲಗೆ ಹೇಳಿದನು. ಜನರೇಟರನ್ನು ಮಾತ್ರ ಗೋಡೆಯಿಂದ ದೂರ ಸರಿಸಿದರು. ಟವರು ಇದ್ದಲ್ಲೇ ಇತ್ತು. ಓಣಿಯೇ ಒಪ್ಪಿ ಕೊಟ್ಟ ಕಾಗದವಿತ್ತಲ್ಲ.

ಗವಿಸಿದ್ದಯ್ಯ ಹೇಳಿದಂತೆಯೇ ಆಯಿತು. ಆ ವರ್ಷ ಓಣಿಯಲ್ಲಿ ಮೂರು ಮದುವೆಗಳಾದವು. ಒಬ್ಬರೂ ಆಕೆಯ ಬಾಗಿಲಿಗೆ ಬರಲಿಲ್ಲ. ಕಾರ್ಡು ಹಂಚಿದರು, ಮೊಬೈಲಿನಲ್ಲಿ ಹೇಳಿದರು. ಪಂಚಮಿಗೆ ವೀರಭದ್ರಯ್ಯ ಸೀರೆಯನ್ನು ಆಳಿನ ಕೈಯಲ್ಲಿ ಕಳುಹಿಸಿದನು. ಆಕೆ ಅದನ್ನು ಬಿಡಿಸದೆ ಉಂಡಿಗಳ ಡಬ್ಬಿಯೊಡನೆ ಹಿಂದಕ್ಕೆ ಕಳುಹಿಸಿದಳು. ಉಂಡಿ ಕಟ್ಟುವುದನ್ನು ಬಿಡಲು ಆಕೆಗೆ ಮನಸ್ಸಾಗಿರಲಿಲ್ಲ.

ಶಾಂಭವಿಗೆ ಗಂಡುಮಗು ಹುಟ್ಟಿ ವರ್ಷ ತುಂಬಿತು. ಮಗುವಿನ ಜವಳ ತೆಗೆಸಿ ಊರಿಗೆ ಊಟ ಹಾಕಬೇಕೆಂದು ವೀರಭದ್ರಯ್ಯ ನಿಶ್ಚಯಿಸಿದನು. ಆದರೆ ಆತನಿಗೊಂದು ಅಂಜಿಕೆ: ಓಣಿ ಬರದಿದ್ದರೆ? ಒಂದು ಬೆಳಗು ಆತ ತಾನೇ ನೀಲಗಂಗಮ್ಮನ ಕಟ್ಟೆಗೆ ಬಂದು ಕುಳಿತನು. ಅಷ್ಟರೊಳಗೆ ಆತನ ಕೂದಲು ಬೆಳ್ಳಗಾಗಿತ್ತು.

"ತಂಗಿ, ನೀ ಬಂದು ಕರೀಬೇಕು. ನೀ ಕರದ್ರ ಬರತಾರ. ನನ್ನ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲೆ ಬ್ಯಾಡ."

"ಕೂಸಿನ ಮ್ಯಾಲೆ ನನಗೇನು ಸಿಟ್ಟಣ್ಣ. ನೂರು ವರ್ಷ ಬಾಳಲಿ. 'ನೀ ಹೋದ್ರ ಕೇಳಂಗಿಲ್ಲ' ಅಂದಿದ್ದಿ ಅವತ್ತು. ಈಗ ನಾ ಹೋದ್ರ ಕೇಳತಾರ. ಕೇಳಿದ್ರ ನಾ ಖರೇ ಹೇಳಬೇಕಾಗತೈತಿ. ನಿನಗ ಅದು ಬೇಕೇನು?"

ವೀರಭದ್ರಯ್ಯ ಕಟ್ಟೆಯಿಂದ ಎದ್ದುಹೋದನು.

ಆ ಮಧ್ಯಾಹ್ನ ಓಣಿಯ ಮೊಬೈಲುಗಳು ಒಂದರ ಹಿಂದೊಂದು ರಿಂಗಾದವು. ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದ ನೀಲಗಂಗಮ್ಮನಿಗೆ ಕರೆ ಮನೆಯಿಂದ ಮನೆಗೆ ಬರುವುದು ಕೇಳಿಸುತ್ತಲೇ ಇತ್ತು. ಊಟದ ದಿನ ಓಣಿಗೆ ಓಣಿಯೇ ಹೋಯಿತು. ಟವರಿನಿಂದ ತಲೆ ಸಿಡಿಯುತ್ತದೆ ಎಂದವರು ಅದರ ನೆರಳಿನಲ್ಲೇ ಪೆಂಡಾಲಿನ ಕೆಳಗೆ ಕುಳಿತರು. ತಮ್ಮ ಬಾಗಿಲನ್ನು ಆಕೆಯ ಮುಖಕ್ಕೆ ಮುಚ್ಚಿದವರು ಆತನ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಬಸಲಿಂಗಮ್ಮ ಹೊಸ ಸೀರೆಯುಟ್ಟು, ಈ ಕಡೆಗೆ ನೋಡದೆ ಬೇಗ ಬೇಗ ದಾಟಿದಳು. ಆತ ಮಾಡಿದ್ದು ಒಬ್ಬನ ದ್ರೋಹ. ಈಗ ಓಣಿಯೂ ಅದರಲ್ಲಿ ಪಾಲು ಕೇಳಲು ಹೋದಂತೆ ಆಕೆಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಕರೆದಲ್ಲಿಗೆ ಹೋಗಬೇಕೆಂದು ಅವರಿಗೆ ಕಲಿಸಿದವರಲ್ಲಿ ತಾನೂ ಒಬ್ಬಳಲ್ಲವೇ.

ಎಲೆ ಹಾಕುವ ಹೊತ್ತಿಗೆ ಗುರುಬಸಮ್ಮ ತನ್ನ ಮನೆಯಿಂದ ಹೊರಬಂದಳು. ಹೊಸ ಸೀರೆಯಿರಲಿಲ್ಲ. ಪೆಂಡಾಲನ್ನು ದಾಟಿ ಬಂದು ನೀಲಗಂಗಮ್ಮನ ಕಟ್ಟೆಯ ಮೇಲೆ ಕುಳಿತು, ಮೊರವನ್ನು ಎಳೆದುಕೊಂಡು ಜೋಳದಲ್ಲಿದ್ದ ಕಲ್ಲು ಆರಿಸತೊಡಗಿದಳು.

"ಊಟಕ್ಕ ಹೋಗಲಿಲ್ಲೇನವ್ವ?" ಎಂದಳು ನೀಲಗಂಗಮ್ಮ.

"ನಿಮ್ಮ ಮನ್ಯಾಗ ಏನು ಮಾಡೀರಿ?"

"ಮುದ್ದಿ, ಹುರುಳಿಸಾರು."

"ಅದ ಹಾಕ್ರಿ. ನಾ ನಿಮಗ ಮಾಫಿ ಮಾಡೀನಿ ಅಂತ ತಿಳಕೋಬ್ಯಾಡ್ರಿ ಮತ್ತ. ನೀವೊಬ್ಬರು ಬಂದು ಹೇಳಿದ್ರಿ, ಅದಕ್ಕ ಬಂದೆ."

ನೀಲಗಂಗಮ್ಮ ಒಳಗೆ ಹೋಗಿ ಎರಡು ತಾಟು ಹಾಕಿದಳು.

ವಿಶ್ವಾಸವನ್ನೇ ಒಡವೆಯಾಗಿ ತೊಟ್ಟು ಅದನ್ನು ಕಳೆದುಕೊಂಡ ಈ ತಾಯಿಯನ್ನು ಶಿವನು ತನ್ನ ಕರುಣೆಯಲ್ಲಿ ಇರಿಸಿಕೊಳ್ಳಲಿ. ಗವಿಸಿದ್ದಯ್ಯನ ಅಂಗಡಿಗೆ ಭಕ್ತರ ಬರವಿರದಿರಲಿ. ಮಗನ ದುಡಿಮೆ ಕೈಹತ್ತಲಿ, ಮರುಳಸಿದ್ದಮ್ಮನ ಕಣ್ಣು ಎಂದಿಗೂ ಮಬ್ಬಾಗದಿರಲಿ, ಮೊಮ್ಮಗು ಗಟ್ಟಿಮುಟ್ಟಾಗಿ ಬೆಳೆಯಲಿ. ಆ ಕಟ್ಟೆಯ ಮೇಲೆ ಬಂದು ಕುಳಿತ ಗುರುಬಸಮ್ಮನ ಮಡಿಲು ತುಂಬಲಿ. ಕಂಡ ಕೆಡುಕಿನಿಂದಲೂ ಕಾಣದ ಕೆಡುಕಿನಿಂದಲೂ, ಇದೆಯೋ ಇಲ್ಲವೋ ಎಂದು ಯಾರೂ ಅರಿಯದ ಕೆಡುಕಿನಿಂದಲೂ ಆ ಮನೆಯವರ ಮೈಮನಗಳು ಕಾಪಾಡಲ್ಪಡಲಿ. ಅವರು ಉಣ್ಣುವ ಹೊತ್ತಿನಲ್ಲಿ ಒಂದು ತಾಟು ಹೆಚ್ಚಿಗೆ ಬೇಕಾಗುತ್ತಲೇ ಇರಲಿ.